ಆ್ಯಪ್ ಸ್ಟೋರಿನಲ್ಲಿ ನಿಮ್ಮ ಹೆಸರಿನ ಬೋರ್ಡು

ನಮ್ಮ ಸಂಘದ ವಾಟ್ಸಾಪ್ ಗುಂಪಿನಲ್ಲಿ ಬಾಡಿಗೆ ಮನೆ, ಸೆಕೆಂಡ್ ಹ್ಯಾಂಡ್ ಕಾರು, ಬೆಂಗಳೂರಿಗೆ ಅಗ್ಗದ ಟಿಕೆಟ್ ಇವುಗಳ ನಂತರ ಹೆಚ್ಚು ಸಲ ಬರುವ ಪ್ರಶ್ನೆ ಇದು: "ಒಂದು ಆ್ಯಪ್ ಮಾಡಿದ್ದೀನಿ, ಸ್ಟೋರಿಗೆ ಹಾಕೋದು ಹೇಗೆ?" ಒಬ್ಬರದು ಕನ್ನಡ ಪದಬಂಧ, ಇನ್ನೊಬ್ಬರದು ಮಕ್ಕಳಿಗೆ ಅಕ್ಷರ ತಿದ್ದಿಸುವ ಆಟ, ಮತ್ತೊಬ್ಬರದು ಕ್ಯಾಂಪಸ್ ಬಸ್ಸಿನ ವೇಳಾಪಟ್ಟಿ. ಕೋಡ್ ಬರೆಯೋದು ನಮ್ಮಲ್ಲಿ ಬಹಳ ಜನಕ್ಕೆ ಕಷ್ಟವಲ್ಲ, ಅದಕ್ಕೇ ಅಲ್ವಾ ಇಷ್ಟು ದೂರ ಬಂದಿರೋದು. ಕೈ ನಿಲ್ಲೋದು ಡೆವಲಪರ್ ಖಾತೆ ತೆರೆಯುವ ಫಾರ್ಮಿನ ಮುಂದೆ.

ಫಾರ್ಮ್ ತುಂಬೋಕೆ ಅರ್ಧ ಗಂಟೆ ಸಾಕು. ಆದರೆ ಅದರಲ್ಲಿ ತುಂಬುವ ನಾಲ್ಕು ಸಂಗತಿಗಳನ್ನು, ಅಂದರೆ ಹೆಸರು, ಇಮೇಲ್, ದೇಶ ಮತ್ತು ದುಡ್ಡಿನ ವಿವರ ಇವನ್ನು ಆಮೇಲೆ ಬದಲಿಸೋದು ತಲೆನೋವು. ಕೆಲವನ್ನಂತೂ ಬದಲಿಸೋಕೇ ಆಗೋಲ್ಲ. ಇವತ್ತು ಇಲ್ಲಿ, ಎರಡು ವರ್ಷದ ನಂತರ ಇನ್ನೊಂದು ರಾಜ್ಯದಲ್ಲಿ, ಆಮೇಲೆ ಬಹುಶಃ ಬೆಂಗಳೂರಿನಲ್ಲಿ ಇರುವ ನಮ್ಮಂಥವರಿಗೆ ಇದು ಇನ್ನೂ ಬಿಸಿ ಮುಟ್ಟಿಸುತ್ತದೆ. ಹಾಗಾಗಿ ಯಾವ ಬಟನ್ ಒತ್ತಬೇಕು ಅನ್ನೋದಕ್ಕಿಂತ, ಒತ್ತುವ ಮೊದಲು ಏನು ತೀರ್ಮಾನ ಮಾಡಿಕೊಂಡಿರಬೇಕು ಅನ್ನೋದನ್ನೇ ಇಲ್ಲಿ ಹೆಚ್ಚು ಬರೆದಿದ್ದೇನೆ. ನಾನು ಓದುತ್ತಿರುವುದು ಅಮೆರಿಕದಲ್ಲಿ, ಉದಾಹರಣೆಗಳೂ ಹೆಚ್ಚಾಗಿ ಇಲ್ಲಿಯವೇ.

ಎರಡು ಅಂಗಡಿ, ಎರಡು ಲೆಕ್ಕ

ಆ್ಯಪಲ್‌ನ ಆ್ಯಪ್ ಸ್ಟೋರ್ ತೆರೆದದ್ದು 2008ರ ಜುಲೈನಲ್ಲಿ. ಗೂಗಲ್ ಅದೇ ವರ್ಷ ಆಂಡ್ರಾಯ್ಡ್ ಮಾರ್ಕೆಟ್ ಅಂತ ಶುರು ಮಾಡಿ 2012ರಲ್ಲಿ ಅದಕ್ಕೆ ಗೂಗಲ್ ಪ್ಲೇ ಅಂತ ಹೆಸರಿಟ್ಟಿತು. ಗೂಗಲ್‌ನಲ್ಲಿ ಖಾತೆಗೆ 25 ಡಾಲರ್, ಒಂದೇ ಸಲ. ಆ್ಯಪಲ್‌ನಲ್ಲಿ 99 ಡಾಲರ್, ಪ್ರತಿ ವರ್ಷ. ಮೊದಲನೆಯದು ಜಾತ್ರೆಯಲ್ಲಿ ಒಮ್ಮೆ ಸುಂಕ ಕೊಟ್ಟು ಒಳಗೆ ಹೋದ ಹಾಗೆ, ಎರಡನೆಯದು ಮಳಿಗೆ ಬಾಡಿಗೆ. ಆ್ಯಪಲ್ ಸದಸ್ಯತ್ವ ನವೀಕರಿಸದಿದ್ದರೆ ನಿಮ್ಮ ಆ್ಯಪ್ ಸ್ಟೋರಿನಿಂದ ಇಳಿಯುತ್ತದೆ. ಈಗಾಗಲೇ ಫೋನಿಗೆ ಹಾಕಿಕೊಂಡವರು ಬಳಸುತ್ತಿರಬಹುದು, ಹೊಸಬರಿಗೆ ಸಿಗುವುದಿಲ್ಲ.

ಬರೀ ಕಲಿಯೋಕೆ, ನಿಮ್ಮದೇ ಐಫೋನಿನಲ್ಲಿ ಓಡಿಸಿ ನೋಡೋಕೆ 99 ಡಾಲರ್ ಕೊಡಬೇಕಾಗಿಲ್ಲ. ಸಾಮಾನ್ಯ ಆ್ಯಪಲ್ ಖಾತೆಯಿಂದಲೇ ಎಕ್ಸ್‌ಕೋಡ್ ಮೂಲಕ ಫೋನಿಗೆ ಹಾಕಿಕೊಳ್ಳಬಹುದು. ಏಳು ದಿನಕ್ಕೊಮ್ಮೆ ಮತ್ತೆ ಹಾಕಬೇಕು, ಅಷ್ಟೇ. ಕೋರ್ಸ್ ಪ್ರಾಜೆಕ್ಟಿಗೆ ಅಷ್ಟು ಸಾಕು. ಮೊದಲ ಆ್ಯಪ್ ಅಂದರೆ ಆಂಡ್ರಾಯ್ಡಿನಿಂದ ಶುರು ಮಾಡಿ ಅಂತ ನಾನು ಹೇಳೋದು. ವಿದ್ಯಾರ್ಥಿಯ ಜೇಬಿಗೆ 25 ಡಾಲರ್ ತಡೆಯುತ್ತದೆ, ಊರಲ್ಲಿ ನಮ್ಮ ಅಪ್ಪ ಅಮ್ಮ, ಅತ್ತೆ ಮಾವಂದಿರ ಕೈಯಲ್ಲಿರುವುದೂ ಬಹುಪಾಲು ಆಂಡ್ರಾಯ್ಡ್ ಫೋನೇ.

ಎರಡೂ ಕಡೆ ಮೊದಲೇ ಕೇಳುವ ಪ್ರಶ್ನೆ: ವ್ಯಕ್ತಿಯೋ ಸಂಸ್ಥೆಯೋ? ಸಂಸ್ಥೆ ಅಂದರೆ ಕಾನೂನಿನ ಪ್ರಕಾರ ನೋಂದಣಿಯಾಗಿರಬೇಕು, ಡನ್ಸ್ ಎಂಬ ಒಂಬತ್ತು ಅಂಕಿಯ ಸಂಖ್ಯೆ ಇರಬೇಕು. ಬರೀ ವ್ಯಾಪಾರಿ ಹೆಸರು, ನಾವೇ ಇಟ್ಟುಕೊಂಡ ಬ್ಯಾನರ್ ಹೆಸರು ಆ್ಯಪಲ್‌ನಲ್ಲಿ ನಡೆಯುವುದಿಲ್ಲ. ಹಾಸ್ಟೆಲ್ ರೂಮಿನಲ್ಲಿ ಕೂತ ನಮಗೆ ಉಳಿಯೋದು ವ್ಯಕ್ತಿ ಖಾತೆಯೇ.

ಪುಟ್ಟಪ್ಪನವರ ಸರ್‌ನೇಮ್ ಯಾವುದು?

ವ್ಯಕ್ತಿ ಖಾತೆ ಅಂದ ಮೇಲೆ ಬೋರ್ಡಿನ ಮೇಲೆ ಬರೋದು ನಿಮ್ಮ ಹೆಸರು. ಆ್ಯಪಲ್‌ನಲ್ಲಿ ಮಾರಾಟಗಾರರ ಹೆಸರಾಗಿ ನಿಮ್ಮ ಕಾನೂನುಬದ್ಧ ಹೆಸರೇ ಕಾಣುತ್ತದೆ. ಅಡ್ಡಹೆಸರು, ಕಾವ್ಯನಾಮ ಹಾಕಿದರೆ ಪರಿಶೀಲನೆ ಅಲ್ಲೇ ನಿಲ್ಲುತ್ತದೆ. ಗೂಗಲ್‌ನಲ್ಲಿ ಸ್ವಲ್ಪ ಸಡಿಲ. 'ಡೆವಲಪರ್ ಹೆಸರು' ಅಂತ ನಿಮಗೆ ಇಷ್ಟವಾದದ್ದನ್ನು ಇಡಬಹುದು, ಆದರೆ ಕಾನೂನುಬದ್ಧ ಹೆಸರೂ ಆ್ಯಪ್ ಪುಟದ ಕೆಳಗೆ ಬರುತ್ತದೆ.

ನಮಗೆ ತೊಡಕು ಇಲ್ಲೇ. ಫಾರ್ಮಿನಲ್ಲಿ ಫಸ್ಟ್ ನೇಮ್, ಲಾಸ್ಟ್ ನೇಮ್ ಅಂತ ಎರಡು ಡಬ್ಬಿ. ನಮ್ಮ ಕಡೆ ಹೆಸರು ಆ ಡಬ್ಬಿಗಳನ್ನು ನೋಡಿ ಇಟ್ಟದ್ದಲ್ಲ. ಕೆ. ವಿ. ಪುಟ್ಟಪ್ಪ ಅಂದರೆ ಕುಪ್ಪಳಿ ಊರು, ವೆಂಕಟಪ್ಪ ತಂದೆ, ಪುಟ್ಟಪ್ಪ ಹೆಸರು. ಕುವೆಂಪು ಇವತ್ತು ಈ ಫಾರ್ಮ್ ತುಂಬಬೇಕಾಗಿದ್ದರೆ ಲಾಸ್ಟ್ ನೇಮ್ ಡಬ್ಬಿಯಲ್ಲಿ ಏನು ಬರೆಯಬೇಕಿತ್ತು? ಪುಟ್ಟಪ್ಪ ಅಂತ ಬರೆದರೆ ಅದು ಅವರ ಸ್ವಂತ ಹೆಸರು, ಮನೆತನದ್ದಲ್ಲ. ಕುಪ್ಪಳಿ ಅಂತ ಬರೆದರೆ ಅದು ಊರು. 'ಕುವೆಂಪು' ಅಂತ ಬರೆದರೆ ಆ್ಯಪಲ್ ಒಪ್ಪುವುದಿಲ್ಲ, ಗೂಗಲ್ ಡೆವಲಪರ್ ಹೆಸರಾಗಿ ಮಾತ್ರ ಒಪ್ಪುತ್ತದೆ.

ನಮ್ಮಲ್ಲಿ ಎಷ್ಟೋ ಜನರ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇನಿಶಿಯಲ್ ಇದೆ, ಪಾಸ್‌ಪೋರ್ಟಿನಲ್ಲಿ ಅದು ಬಿಡಿಸಿಕೊಂಡಿದೆ, ಆಧಾರ್‌ನಲ್ಲಿ ಮತ್ತೊಂದು ಥರ. ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿದ್ದವರ ಕಥೆ ಇನ್ನೂ ಸ್ವಾರಸ್ಯ. ಅಮೆರಿಕದ ವೀಸಾದಲ್ಲಿ ಆ ಹೆಸರು ಸರ್‌ನೇಮ್ ಆಗಿ, ಮೊದಲ ಹೆಸರಿನ ಜಾಗದಲ್ಲಿ 'ಎಫ್‌ಎನ್‌ಯು' ಅಂತ ಮೂರಕ್ಷರ ಕೂರುತ್ತದೆ. ಮೊದಲ ಹೆಸರು ಗೊತ್ತಿಲ್ಲ ಅಂತ ಅದರ ಅರ್ಥ. ಅಲ್ಲಿಂದ ಅದು ಡ್ರೈವಿಂಗ್ ಲೈಸೆನ್ಸಿಗೂ ಬ್ಯಾಂಕ್ ಕಾರ್ಡಿಗೂ ಹರಿದು ಬರಬಹುದು. ಎಚ್ಚರ ತಪ್ಪಿದರೆ ಅಕ್ಷರಮಾಲೆಯ ಆ್ಯಪಿನ ಕೆಳಗೂ ಎಫ್‌ಎನ್‌ಯು ಮಂಜುನಾಥ್ ಅಂತ ಬೋರ್ಡು ಬೀಳುತ್ತದೆ.

ಆದ್ದರಿಂದ ಖಾತೆ ತೆರೆಯುವ ಮೊದಲು ನಿಮ್ಮ ಪಾಸ್‌ಪೋರ್ಟ್, ಲೈಸೆನ್ಸ್ ಅಥವಾ ಸ್ಟೇಟ್ ಐಡಿ, ದುಡ್ಡು ಕಟ್ಟುವ ಕಾರ್ಡ್ ಎಲ್ಲವನ್ನೂ ಮೇಜಿನ ಮೇಲಿಟ್ಟು ಸ್ಪೆಲ್ಲಿಂಗ್ ಸಮೇತ ತಾಳೆ ನೋಡಿ. ಪರಿಶೀಲನೆಗೆ ಯಾವ ಐಡಿ ಅಪ್‌ಲೋಡ್ ಮಾಡುತ್ತೀರೋ ಅದರಲ್ಲಿ ಇರುವ ಹಾಗೇ, ಅದೇ ಕ್ರಮದಲ್ಲಿ ಹೆಸರು ತುಂಬಿ. ಯಾವ ಐಡಿ ನಡೆಯುತ್ತದೆ ಅನ್ನೋದು ದೇಶದಿಂದ ದೇಶಕ್ಕೆ ಬೇರೆ, ಪರದೆಯ ಮೇಲೇ ತೋರಿಸುತ್ತಾರೆ. ಹೆಸರನ್ನೇ ಸರಿ ಮಾಡಿಸಬೇಕು ಅನ್ನಿಸಿದರೆ ಮೊದಲು ಪಾಸ್‌ಪೋರ್ಟ್ ಸರಿಯಾಗಲಿ, ಖಾತೆ ಆಮೇಲೆ. ಗೂಗಲ್‌ನಲ್ಲಿ ಗುರುತು ಸಾಬೀತಾಗದಿದ್ದರೆ ಕಟ್ಟಿದ 25 ಡಾಲರ್ ವಾಪಸ್ ಬರುವುದಿಲ್ಲ. ಪ್ರಿಪೇಯ್ಡ್ ಕಾರ್ಡ್ ಅಲ್ಲಿ ನಡೆಯುವುದಿಲ್ಲ ಅನ್ನೋದೂ ನೆನಪಿರಲಿ, ಬಂದ ಹೊಸದರಲ್ಲಿ ಬಹಳ ಜನರ ಹತ್ತಿರ ಅದೇ ಇರುತ್ತದೆ.

ಹೆಸರಿನ ಜೊತೆಗೆ ವಿಳಾಸ. ಇದನ್ನು, ಅದರಲ್ಲೂ ಒಬ್ಬರೇ ಇರುವ ಹುಡುಗಿಯರು, ಗಮನವಿಟ್ಟು ಓದಿ. ಗೂಗಲ್ ಪ್ಲೇನಲ್ಲಿ ವ್ಯಕ್ತಿ ಖಾತೆಯವರ ಕಾನೂನುಬದ್ಧ ಹೆಸರು, ದೇಶ, ಡೆವಲಪರ್ ಇಮೇಲ್ ಎಲ್ಲರಿಗೂ ಕಾಣುತ್ತದೆ. ಆ್ಯಪಿನಿಂದ ದುಡ್ಡು ಮಾಡಲು ಹೊರಟರೆ ಪೂರ್ತಿ ವಿಳಾಸವೂ ಕಾಣುತ್ತದೆ. ಮನೆ ನಂಬರ್ ಸಮೇತ! ಆ್ಯಪಲ್‌ನಲ್ಲಿ ಯುರೋಪಿಯನ್ ಒಕ್ಕೂಟದ ಕಾನೂನಿನಿಂದಾಗಿ ಇನ್ನೊಂದು ಪ್ರಶ್ನೆ ಬರುತ್ತದೆ, ನೀವು 'ಟ್ರೇಡರ್' ಹೌದೋ ಅಲ್ಲವೋ ಅಂತ. ಹೌದು ಅಂದರೆ ಯುರೋಪಿನ ಸ್ಟೋರುಗಳಲ್ಲಿ ನಿಮ್ಮ ವಿಳಾಸ, ಫೋನ್, ಇಮೇಲ್ ಪ್ರಕಟವಾಗುತ್ತವೆ. ವ್ಯಕ್ತಿಗಳು ಮನೆ ವಿಳಾಸದ ಬದಲು ಪೋಸ್ಟ್ ಬಾಕ್ಸ್ ಕೊಡಬಹುದು. ಉತ್ತರವನ್ನೇ ಕೊಡದವರ ಆ್ಯಪುಗಳನ್ನು 2025ರ ಫೆಬ್ರವರಿಯಿಂದ ಯುರೋಪಿನ ಸ್ಟೋರುಗಳಿಂದ ತೆಗೆಯಲಾಗಿದೆ. ಹವ್ಯಾಸಕ್ಕೆ ಮಾಡಿ ಉಚಿತವಾಗಿ ಕೊಡುವವರು ಸಾಮಾನ್ಯವಾಗಿ ಟ್ರೇಡರ್ ಅಲ್ಲ, ಆದರೆ ಆ ಘೋಷಣೆ ಮಾಡಬೇಕಾದವರು ನೀವೇ.

ಇಮೇಲ್, ಸಿಮ್, ದೇಶ

ಯೂನಿವರ್ಸಿಟಿ ಇಮೇಲಿನಿಂದ ಖಾತೆ ತೆರೆಯಬೇಡಿ. ಪದವಿ ಮುಗಿದ ಮೇಲೆ ಆ ವಿಳಾಸವನ್ನು ಯಾವತ್ತು ಮುಚ್ಚುತ್ತಾರೋ ಅವರಿಗೇ ಗೊತ್ತು. ಇದಕ್ಕೆ ಅಂತಲೇ ಒಂದು ಹೊಸ ಇಮೇಲ್ ಮಾಡಿಕೊಳ್ಳಿ, ಎಲ್ಲರಿಗೂ ಕಾಣುವ ಇಮೇಲ್ ಮತ್ತೊಂದಿರಲಿ.

ಫೋನ್ ನಂಬರ್ ವಿಷಯ ಇನ್ನೂ ಸೂಕ್ಷ್ಮ. ಆ್ಯಪಲ್ ಖಾತೆಗೆ ಎರಡು ಹಂತದ ದೃಢೀಕರಣ ಕಡ್ಡಾಯ. ಇಲ್ಲಿನ ಸಿಮ್ ಒಂದನ್ನೇ ಕೊಟ್ಟು, ಓದು ಮುಗಿಸಿ ಊರಿಗೆ ಹೋಗಿ, ಆ ನಂಬರ್ ಬೇರೆಯವರ ಪಾಲಾದರೆ ಬಾಗಿಲು ನಿಮ್ಮದೇ, ಬೀಗದ ಕೈ ಇನ್ನೊಬ್ಬರದು ಅನ್ನುವ ಹಾಗಾಗುತ್ತದೆ. ಊರಿನ ನಂಬರನ್ನೂ, ಸಾಧ್ಯವಾದರೆ ಅಮ್ಮನದೋ ತಮ್ಮನದೋ ನಂಬರನ್ನೂ ಮೊದಲ ದಿನವೇ ಸೇರಿಸಿಡಿ.

ದೇಶದ ಆಯ್ಕೆ ಗೂಗಲ್‌ನಲ್ಲಿ ಪೇಮೆಂಟ್ಸ್ ಪ್ರೊಫೈಲಿಗೆ ಅಂಟಿಕೊಂಡಿರುತ್ತದೆ, ಅದನ್ನು ಆಮೇಲೆ ಬದಲಿಸಲು ಬರುವುದಿಲ್ಲ. ಕಾಯಂ ಆಗಿ ಭಾರತಕ್ಕೆ ಹೋದರೆ ಅಲ್ಲಿ ಹೊಸ ಖಾತೆ ತೆರೆದು ಆ್ಯಪುಗಳನ್ನು ಅದಕ್ಕೆ ವರ್ಗಾಯಿಸಬೇಕು. ವರ್ಗಾವಣೆ ಹೊತ್ತಿಗೆ ಖಾತೆ ತೆರೆದಾಗಿನ ಹಣ ಪಾವತಿಯ ವಹಿವಾಟು ಸಂಖ್ಯೆ ಕೇಳುತ್ತಾರೆ, ಹಾಗಾಗಿ ಆ 25 ಡಾಲರಿನ ರಸೀದಿ ಜೋಪಾನ. ಈಗ ಇರುವ ದೇಶ, ಈಗಿನ ಐಡಿ, ಈಗಿನ ವಿಳಾಸ ಮೂರೂ ಹೊಂದುವ ಹಾಗೆ ತೆರೆಯೋದೇ ನೇರ ದಾರಿ. ಊರಿನ ವಿಳಾಸ, ಇಲ್ಲಿನ ಕಾರ್ಡು, ಇನ್ನೆಲ್ಲಿಯದೋ ಫೋನ್ ಅಂತ ಕಲಸುಮೇಲೋಗರ ಮಾಡಿದರೆ ಪರಿಶೀಲನೆಯಲ್ಲಿ ಸಿಕ್ಕಿಕೊಳ್ಳುತ್ತದೆ.

ಹನ್ನೆರಡು ಜನ, ಹದಿನಾಲ್ಕು ದಿನ

ಗೂಗಲ್ ಖಾತೆ ಸಿಕ್ಕಿದ ತಕ್ಷಣ ಆ್ಯಪ್ ಹಾಕಬಹುದು ಅಂದುಕೊಂಡವರಿಗೆ ಇಲ್ಲೊಂದು ಗೇಟು. 2023ರ ನವೆಂಬರ್ 13ರ ನಂತರ ತೆರೆದ ವ್ಯಕ್ತಿ ಖಾತೆಗಳು ಮೊದಲು 'ಕ್ಲೋಸ್ಡ್ ಟೆಸ್ಟಿಂಗ್' ಮುಗಿಸಬೇಕು. ಮೊದಲು 20 ಜನ ಪರೀಕ್ಷಕರು ಬೇಕಿತ್ತು, 2024ರ ಕೊನೆಯಲ್ಲಿ ಅದನ್ನು 12ಕ್ಕೆ ಇಳಿಸಿದರು. ಆ 12 ಜನ ಸತತವಾಗಿ 14 ದಿನ ಪರೀಕ್ಷೆಯಲ್ಲಿ ಸೇರಿಕೊಂಡೇ ಇರಬೇಕು. ಮಧ್ಯದಲ್ಲಿ ಯಾರಾದರೂ ಹೊರಗೆ ಹೋಗಿ 11ಕ್ಕೆ ಇಳಿದರೆ ಲೆಕ್ಕ ಕೆಡುತ್ತದೆ, ಅದಕ್ಕೇ 15-20 ಜನರನ್ನು ಸೇರಿಸಿಕೊಳ್ಳಿ. 'ಇಂಟರ್ನಲ್ ಟೆಸ್ಟಿಂಗ್' ಅನ್ನೋದು ಬೇರೆ, ಅಲ್ಲಿ ಸೇರಿಸಿದವರು ಈ ಲೆಕ್ಕಕ್ಕೆ ಬರುವುದಿಲ್ಲ. ಇದಕ್ಕೂ ಮೊದಲು ನಿಮ್ಮ ಹತ್ತಿರ ನಿಜವಾದ ಆಂಡ್ರಾಯ್ಡ್ ಫೋನ್ ಇದೆ ಅನ್ನೋದನ್ನು ಪ್ಲೇ ಕನ್ಸೋಲ್ ಮೊಬೈಲ್ ಆ್ಯಪಿನಿಂದ ತೋರಿಸಬೇಕು. ಐಫೋನ್ ಮಾತ್ರ ಇರುವವರು ರೂಮ್‌ಮೇಟ್‌ನ ಫೋನನ್ನೋ ಹಳೆಯ ಫೋನನ್ನೋ ಹುಡುಕಿಕೊಳ್ಳಬೇಕು.

ಈ ನಿಯಮವನ್ನು ಬೈಯುವವರು ಬಹಳ. ನನಗೇನೋ ಇದು ಕನ್ನಡ ಸಂಘಕ್ಕೆ ಹೇಳಿ ಮಾಡಿಸಿದ ಹಾಗಿದೆ. ಪರಿಚಯವೇ ಇಲ್ಲದವರಿಗೆ ದುಡ್ಡು ಕೊಟ್ಟು ಪರೀಕ್ಷಕರನ್ನು ತರುವ ವ್ಯಾಪಾರ ನಡೆಯುತ್ತದೆ, ಅವರು ಆ್ಯಪ್ ತೆರೆದೂ ನೋಡುವುದಿಲ್ಲ. ಹದಿನಾಲ್ಕು ದಿನ ಮುಗಿದ ಮೇಲೆ ಗೂಗಲ್ ಕೇಳುವುದು ಯಾರು ಹೇಗೆ ಬಳಸಿದರು, ಏನು ಹೇಳಿದರು, ನೀವು ಏನು ಬದಲಿಸಿದಿರಿ ಅಂತ. ಅದಕ್ಕೆ ಉತ್ತರ ಎಲ್ಲಿಂದ ತರೋದು? ನಮ್ಮ ಗುಂಪಿನಲ್ಲಿ ಕೇಳಿದರೆ ಸಂಜೆಯೊಳಗೆ 20 ಜನ ಸಿಗುತ್ತಾರೆ. ಊರಿನ ಕನ್ನಡ ಕೂಟದಲ್ಲಿ ವಾರಾಂತ್ಯದ ಕನ್ನಡ ತರಗತಿ ಇದ್ದರೆ ಆ ತಂದೆ ತಾಯಂದಿರು ಇನ್ನೂ ಒಳ್ಳೆಯ ಪರೀಕ್ಷಕರು. 'ಒತ್ತಕ್ಷರ ಕೆಳಗೆ ಕತ್ತರಿಸಿ ಹೋಗಿದೆ', 'ೠ ಯಾಕೆ ಇಟ್ಟಿದ್ದೀರಿ', 'ಅಜ್ಜಿ ಫೋನಿನಲ್ಲಿ ಅಕ್ಷರ ಸಣ್ಣ ಕಾಣುತ್ತದೆ' ಅಂತ ಅವರು ಹೇಳುವುದನ್ನು ಒಂದು ಕಡೆ ಬರೆದಿಟ್ಟುಕೊಂಡರೆ ಫಾರ್ಮಿನ ಉತ್ತರ ತಾನಾಗಿಯೇ ಸಿದ್ಧವಾಗುತ್ತದೆ. ಒಂದು ಮಾತು: 13 ವರ್ಷದೊಳಗಿನ ಮಕ್ಕಳಿಗೆ ಅಂತ ಆ್ಯಪ್ ಮಾಡಿದರೆ ಜಾಹೀರಾತು, ಮಾಹಿತಿ ಸಂಗ್ರಹದ ನಿಯಮಗಳು ಬಹಳ ಬಿಗಿ. ಮಕ್ಕಳ ಆಟದಲ್ಲಿ ಜಾಹೀರಾತಿನ ಆಸೆ ಬಿಟ್ಟರೆ ಅರ್ಧ ತಲೆನೋವು ಕಳೆಯಿತು.

ರಾಜ್ಯೋತ್ಸವಕ್ಕೆ ಬಿಡುಗಡೆ ಮಾಡಬೇಕು ಅಂತಿದ್ದರೆ ನವೆಂಬರ್ 1ರಿಂದ ಹಿಂದಕ್ಕೆ ಎಣಿಸಿ. ಅನುಮತಿಯ ಪರಿಶೀಲನೆಗೆ ಒಂದು ವಾರ, ಪರೀಕ್ಷೆಗೆ ಎರಡು ವಾರ, ಗುರುತಿನ ಪರಿಶೀಲನೆಗೆ ಕೆಲವು ದಿನ, ಜನ ಸೇರಿಸೋಕೆ ಒಂದು ವಾರ. ಏನಾದರೂ ವಾಪಸ್ ಬಂದರೆ ಅಂತ ಇನ್ನೊಂದು ವಾರ ಕೈಯಲ್ಲಿರಲಿ. ಅಂದರೆ ಸೆಪ್ಟೆಂಬರ್ ಮಧ್ಯದಲ್ಲಿ, ಗಣೇಶನ ಹಬ್ಬದ ಆಸುಪಾಸಿಗೆ, ಖಾತೆ ಕೈಗೆ ಬಂದಿರಬೇಕು.

ಆ್ಯಪಲ್‌ನಲ್ಲಿ ಇಷ್ಟು ಜನ ಬೇಕೇ ಬೇಕು ಅನ್ನುವ ಷರತ್ತಿಲ್ಲ. ಟೆಸ್ಟ್‌ಫ್ಲೈಟ್ ಮೂಲಕ 10,000 ಜನರವರೆಗೆ ಹೊರಗಿನ ಪರೀಕ್ಷಕರನ್ನು ಸೇರಿಸಬಹುದು, ಒಂದು ಆವೃತ್ತಿ 90 ದಿನ ಓಡುತ್ತದೆ.

ದುಡ್ಡು ಮತ್ತು ವೀಸಾ

ಇಡೀ ಬರಹದಲ್ಲಿ ಒಂದೇ ಭಾಗ ಓದುವುದಾದರೆ ಇದನ್ನು ಓದಿ. ಖಾತೆ ತೆರೆದು ಉಚಿತ ಆ್ಯಪ್ ಹಾಕುವುದು ಒಂದು ವಿಷಯ. ಅದರಿಂದ ಆದಾಯ ಪಡೆಯುವುದು ಪೂರ್ತಿ ಬೇರೆ ವಿಷಯ. ಒಂದು ಡಾಲರ್ ಬೆಲೆ, ಒಳಗೆ ಖರೀದಿ, 'ಕಾಫಿ ಕೊಡಿಸಿ' ಬಟನ್, ಕೆಳಗೊಂದು ಜಾಹೀರಾತು ಪಟ್ಟಿ, ಇವೆಲ್ಲ ಆದಾಯವೇ.

ಅಮೆರಿಕದ ಎಫ್-1 ವೀಸಾದಲ್ಲಿ ಅನುಮತಿಯಿಲ್ಲದ ಕೆಲಸ ಮಾಡಿದರೆ ಸ್ಥಾನಮಾನಕ್ಕೇ ಕುತ್ತು, ಸ್ವಂತ ಉದ್ಯೋಗವೂ ಅದರಲ್ಲಿ ಸೇರುತ್ತದೆ. ಓದು ಮುಗಿದ ಮೇಲಿನ ಒಂದು ವರ್ಷದ ಒಪಿಟಿಯಲ್ಲಿ, ಓದಿದ ವಿಷಯಕ್ಕೆ ಸಂಬಂಧಪಟ್ಟ ಸ್ವಂತ ಉದ್ಯೋಗಕ್ಕೆ ಅವಕಾಶವಿದೆ. ಸ್ಟೆಮ್ ವಿಸ್ತರಣೆಯಲ್ಲಿ ನಿಮಗೆ ನೀವೇ ಮಾಲೀಕರಾಗುವ ಹಾಗಿಲ್ಲ. ಬ್ರಿಟನ್ನಿನ ವಿದ್ಯಾರ್ಥಿ ವೀಸಾದಲ್ಲಿ ಸ್ವಂತ ಉದ್ಯೋಗ ನೇರವಾಗಿ ನಿಷಿದ್ಧ. ಜರ್ಮನಿಯಲ್ಲಿ ಅದಕ್ಕೆ ವಿದೇಶಿಯರ ಕಚೇರಿಯ ಅನುಮತಿ ಬೇಕು. 'ಎರಡು ಡಾಲರಿಗೆ ಯಾರು ಕೇಳ್ತಾರೆ' ಅನ್ನೋದು ಉತ್ತರವಲ್ಲ, ಲೆಕ್ಕ ಎರಡು ಡಾಲರಿನದಲ್ಲ. ಆದಾಯದ ಯೋಚನೆ ಇದ್ದರೆ ಮೊದಲು ಯೂನಿವರ್ಸಿಟಿಯ ಅಂತರರಾಷ್ಟ್ರೀಯ ವಿದ್ಯಾರ್ಥಿ ಕಚೇರಿಗೆ ಇಮೇಲಿನಲ್ಲಿ ಕೇಳಿ, ಉತ್ತರವನ್ನು ಉಳಿಸಿಕೊಳ್ಳಿ. ಸೀನಿಯರ್ ಹೇಳಿದ್ದು, ಈ ಪುಸ್ತಿಕೆಯಲ್ಲಿ ಬರೆದದ್ದು ಅದಕ್ಕೆ ಬದಲಿಯಲ್ಲ.

ಅನುಮತಿ ಇದ್ದವರಿಗೆ ಮುಂದಿನ ಫಾರ್ಮು ತೆರಿಗೆಯದು. ಸೋಶಿಯಲ್ ಸೆಕ್ಯೂರಿಟಿ ನಂಬರ್ ಇದೆ ಅಂತ ಡಬ್ಲ್ಯೂ-9 ಒತ್ತಿಬಿಡುವವರು ಬಹಳ. ಎಫ್-1ನಲ್ಲಿ ಬಂದ ವಿದ್ಯಾರ್ಥಿ ಸಾಮಾನ್ಯವಾಗಿ ಮೊದಲ ಐದು ಕ್ಯಾಲೆಂಡರ್ ವರ್ಷ ತೆರಿಗೆಯ ದೃಷ್ಟಿಯಿಂದ ಅನಿವಾಸಿ, ಡಬ್ಲ್ಯೂ-9 ಇರುವುದು ಇಲ್ಲಿನ ನಿವಾಸಿಗಳಿಗೆ. ಊಹಿಸಿ ತುಂಬುವ ಫಾರ್ಮ್ ಅದಲ್ಲ, ಕ್ಯಾಂಪಸ್ಸಿನ ತೆರಿಗೆ ಸಹಾಯ ಕೇಂದ್ರದಲ್ಲಿ ಕೇಳಿ. ಉಚಿತ ಆ್ಯಪ್ ಮಾತ್ರ ಹಾಕುವವರಿಗೆ ಆ್ಯಪಲ್‌ನಲ್ಲಿ ಬ್ಯಾಂಕ್, ತೆರಿಗೆ ವಿವರದ ಪುಟದ ಅಗತ್ಯವೇ ಇಲ್ಲ. ವರ್ಷಕ್ಕೆ ಹತ್ತು ಲಕ್ಷ ಡಾಲರಿನೊಳಗೆ ದುಡಿಯುವವರಿಂದ ಎರಡೂ ಅಂಗಡಿ ಹಿಡಿದುಕೊಳ್ಳೋದು ಸಾಮಾನ್ಯವಾಗಿ ಶೇಕಡಾ 15. ಆ್ಯಪಲ್‌ನಲ್ಲಿ ಅದಕ್ಕೆ ಸಣ್ಣ ಉದ್ಯಮಗಳ ಯೋಜನೆಗೆ ಬೇರೆಯಾಗಿ ಹೆಸರು ಕೊಡಬೇಕು.

ಇನ್ನೊಂದು ಬಲೆ. 'ನಿಮ್ಮ ಡೆವಲಪರ್ ಖಾತೆ ಬಾಡಿಗೆಗೆ ಕೊಡಿ, ತಿಂಗಳಿಗೆ ಇಷ್ಟು ಕೊಡ್ತೀವಿ' ಅನ್ನುವ ಮೆಸೇಜುಗಳು ಟೆಲಿಗ್ರಾಂನಲ್ಲಿ ಓಡಾಡುತ್ತವೆ. ಅವರು ಹಾಕುವ ಆ್ಯಪ್ ಮೋಸದ್ದಾದರೆ ಕೆಳಗಿರೋದು ನಿಮ್ಮ ಹೆಸರು, ನಿಮ್ಮ ಪಾಸ್‌ಪೋರ್ಟಿನ ಗುರುತು. ಖಾತೆ ರದ್ದಾದರೆ ಅದಕ್ಕೆ ಸಂಬಂಧವಿದೆ ಅಂತ ಗೂಗಲ್‌ಗೆ ಕಂಡ ಬೇರೆ ಖಾತೆಗಳೂ ರದ್ದಾಗುತ್ತವೆ, ಮುಂದೆ ಹೊಸದು ತೆರೆಯಲೂ ಬಿಡುವುದಿಲ್ಲ. ಮೊಬೈಲ್ ಕೆಲಸವನ್ನೇ ನಂಬಿಕೊಂಡವರಿಗೆ ಅದು ಸಣ್ಣ ನಷ್ಟವಲ್ಲ.

ಸಂಘದ ಆ್ಯಪ್ ಯಾರ ಹೆಸರಲ್ಲಿ?

ಕೊನೆಗೆ ನಮ್ಮದೇ ಮನೆ ವಿಷಯ. ವಿದ್ಯಾರ್ಥಿ ಸಂಘಗಳಿಗೆ ಸಾಮಾನ್ಯವಾಗಿ ಸ್ವತಂತ್ರ ಕಾನೂನು ಅಸ್ತಿತ್ವ ಇರುವುದಿಲ್ಲ, ಯೂನಿವರ್ಸಿಟಿಯ ಪಟ್ಟಿಯಲ್ಲಿ ಹೆಸರಿರುತ್ತದೆ ಅಷ್ಟೇ. ಹಾಗಾಗಿ ಸಂಘದ ಆ್ಯಪ್ ಯಾರೋ ಒಬ್ಬ ಪದಾಧಿಕಾರಿಯ ವ್ಯಕ್ತಿ ಖಾತೆಯಲ್ಲಿ ಕೂರುತ್ತದೆ. ಅವರು ಪದವಿ ಪಡೆದು ಕೆಲಸಕ್ಕೆ ಹೋಗುತ್ತಾರೆ, 99 ಡಾಲರ್ ಕಟ್ಟುವ ತಿಂಗಳು ಮರೆಯುತ್ತದೆ, ಆ್ಯಪ್ ಕಾಣೆಯಾಗುತ್ತದೆ. ಮುಂದಿನ ಸಮಿತಿ ಮತ್ತೆ ಮೊದಲಿನಿಂದ.

ಪಾಸ್‌ವರ್ಡ್ ಹಂಚಿಕೊಳ್ಳುವುದು ಪರಿಹಾರವಲ್ಲ, ನಿಯಮವೂ ಒಪ್ಪುವುದಿಲ್ಲ. ಗೂಗಲ್‌ನಲ್ಲಿ ಮಾಲೀಕರು ಬೇರೆಯವರನ್ನು ಆಹ್ವಾನಿಸಿ ಬೇಕಾದಷ್ಟೇ ಅಧಿಕಾರ ಕೊಡಬಹುದು. ಆ್ಯಪಲ್‌ನ ವ್ಯಕ್ತಿ ಖಾತೆಯಲ್ಲಿ ಆ್ಯಪ್ ಸ್ಟೋರ್ ಕನೆಕ್ಟ್‌ಗೆ ಜನ ಸೇರಿಸಬಹುದು, ಪ್ರಮಾಣಪತ್ರಗಳ ಭಾಗ ಮಾತ್ರ ಮಾಲೀಕರ ಕೈಯಲ್ಲೇ ಉಳಿಯುತ್ತದೆ. ಹಸ್ತಾಂತರ ಅಂದರೆ ನಿಜವಾದ ವರ್ಗಾವಣೆಯೇ ಆಗಬೇಕು. ಅದು ಎರಡೂ ಕಡೆ ಸಾಧ್ಯವಿದೆ, ರೇಟಿಂಗ್, ಅಭಿಪ್ರಾಯ, ಬಳಕೆದಾರರು ಎಲ್ಲ ಆ್ಯಪಿನ ಜೊತೆಗೇ ಹೋಗುತ್ತಾರೆ. ಆ್ಯಪಲ್‌ನಲ್ಲಿ ಕನಿಷ್ಠ ಒಂದು ಆವೃತ್ತಿಯಾದರೂ ಸ್ಟೋರಿನಲ್ಲಿ ಬಿಡುಗಡೆಯಾಗಿರಬೇಕು, ಕೊಡುವವರ ಮತ್ತು ಪಡೆಯುವವರ ಸದಸ್ಯತ್ವ ಎರಡೂ ಚಾಲ್ತಿಯಲ್ಲಿರಬೇಕು. ಅದಕ್ಕೇ ವರ್ಗಾವಣೆಯನ್ನು ಸಮಿತಿ ಬದಲಾಗುವ ಏಪ್ರಿಲ್-ಮೇ ಹೊತ್ತಿನಲ್ಲೇ, ಹಳಬರು ಇನ್ನೂ ಕ್ಯಾಂಪಸ್ಸಿನಲ್ಲಿ ಇರುವಾಗಲೇ ಮುಗಿಸಿಕೊಳ್ಳಿ. ಜೊತೆಗೆ ಕೋಡ್, ಆಂಡ್ರಾಯ್ಡ್‌ನ ಅಪ್‌ಲೋಡ್ ಕೀಲಿ, ಗೌಪ್ಯತಾ ನೀತಿಯ ಪುಟ ಎಲ್ಲಿದೆ ಅನ್ನುವ ಒಂದು ಟಿಪ್ಪಣಿ, ಆಮೇಲೆ ಆ ರಸೀದಿ.